ವೇಲುಸಾಮಿಯ ಹೆಬ್ಬೆರಳು ಮತ್ತು ಒಂದು ಮೊಳ ಬಟ್ಟೆ

ಸಮಸ್ತ ನಾಗರಿಕರ ಗಮನಕ್ಕೆ: ಕೊಯಮತ್ತೂರು ಜಿಲ್ಲೆಯ ಸೂಲೂರು ಪಕ್ಕದ ಕನ್ನಡ ನೇಕಾರರ ಬೀದಿಯ ಶ್ರೀ ವೇಲುಸಾಮಿಯವರ ಬಲಗಾಲಿನ ಹೆಬ್ಬೆರಳು ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಅಲ್ಲಾಡಿದೆ.

ಲಕ್ವ ಹೊಡೆದು ಐದು ತಿಂಗಳಾಗಿತ್ತು. ಡಾಕ್ಟರು ಕೈಬಿಟ್ಟ ಕೈ, ಕೈಕೊಟ್ಟ ಕಾಲು. ರಬ್ಬರ್ ಚೆಂಡು ಹಿಸುಕೆಂದರೆ ಬೆರಳು ಮಡಚದು. ಆದರೆ ಫಿಸಿಯೋಥೆರಪಿಯ ಹುಡುಗಿ ಧರಣಿ ಅವರನ್ನು ಗುಳಿಮಗ್ಗದಲ್ಲಿ ಕೂರಿಸಿದ್ದೇ ತಡ, ಹೆಬ್ಬೆರಳು ತಾನಾಗಿ ಮಗ್ಗದ ಕಾಲುಮೆಟ್ಟು ಹುಡುಕಿತು. ವಾರದೊಳಗೆ ಬಲಗೈ ಹಗ್ಗ ಎಳೆದು ಲಾಳಿ ಓಡಿಸಿತು.

"ಐವತ್ತು ವರ್ಷ ನೇಯ್ದು ತಾತನ ಮಿದುಳಲ್ಲೇ ಒಂದು ದಾರಿ ಬಿದ್ದಿದೆ ಅಮ್ಮಾ. ದೊಡ್ಡ ರೋಡು ಮುಚ್ಚಿದ್ರೂ ಈ ಕಾಲುದಾರಿ ಇದೆ. ಮಗ್ಗ ಬಿಡಿಸ್ಬೇಡಿ" ಎಂದು ಧರಣಿ ತಿಳಿಹೇಳಿದಳು.

"ನನ್ನ ಮಾತಿಗೆ ಒಂದು ನಾಳೂ, ಒಂದು ದಿನಾನೂ ಅಲ್ಲಾಡದ ಮನುಷ, ಮಗ್ಗಕ್ಕೆ ಅಲ್ಲಾಡ್ತಾನೆ ನೋಡು!" ಎಂದಳು ಹೆಂಡತಿ ರಾಮಾಯಿ.

ಮಗ್ಗ ಮಾತ್ರ ನೇಕಾರರ ಸಂಘದ್ದು. ತಪಾಸಣೆಯ ದಿನ ಅಧಿಕಾರಿಯೆದುರು ಒಂದು ಮೊಳ ನೇಯದಿದ್ದರೆ ಮಗ್ಗ ಬೇರೆಯವರ ಮನೆಗೆ. ಮಗ್ಗ ಹೋದರೆ ಕೈಯೂ ಹೋದ ಹಾಗೆ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿದ್ದ ಮಗ ಶಕ್ತಿವೇಲ್ ರಜೆ ಹಾಕಿ ಅಪ್ಪನಿಗೆ ಎಂಟು ದಿನ ತಾಲೀಮು ಕೊಟ್ಟ. ಕಡೆಯ ಮೂರು ದಿನವೂ ಬಟ್ಟೆ ಮೊಳ ದಾಟಿತು.

ಅಧಿಕಾರಿ ಲೋಗನಾಥನ್ ಬಂದರು, ಕುರ್ಚಿ ಎಳೆದು ಕೂತರು. ಮಗನೂ ಧರಣಿಯೂ ವೇಲುಸಾಮಿಯನ್ನು ಗುಳಿಗೆ ಇಳಿಸಿ ಕೈಗೆ ಹಗ್ಗ ಕೊಟ್ಟರು.

ಕೈ ಸುಮ್ಮನಿತ್ತು. ಕಾಲು ಮೆಟ್ಟಿನ ಮೇಲೆ ಕಲ್ಲಾಗಿತ್ತು. ಮಾಡಿನ ಮೇಲೆ ಸೂಲೂರಿನ ವಾಯುಪಡೆ ನೆಲೆಯ ವಿಮಾನ ಹಾರಿತು. ಕೆಳಗೆ ಲಾಳಿ ಹಾರಲಿಲ್ಲ. ಮುದುಕನ ಹಣೆಯ ಬೆವರು ಹಾಸಿನ ನೂಲಿಗೆ ತೊಟ್ಟಿಕ್ಕಿತು.

"ಎಳಿಯಪ್ಪಾ! ನಿನ್ನೆ ಎಳೆದೆಯಲ್ಲಾ!" ಎಂದ ಶಕ್ತಿವೇಲ್.

ಅಧಿಕಾರಿ ಗಡಿಯಾರ ನೋಡಿದರು. ರಾಮಾಯಿ ಗಂಡನ ಮುಖವನ್ನೇ ದಿಟ್ಟಿಸಿ, ಮಗನ ಕಡೆ ತಿರುಗಿದಳು. "ತಪಾಸಣೆಗೆ ಈ ನಾಳು ಯಾರು ಗೊತ್ತು ಮಾಡಿದ್ದುಡಾ?"

"ನಾನೇ ಕೇಳಿ ಹಾಕಿಸ್ದೆ ಅಮ್ಮಾ. ನಿರೈಂಜ ಅಮಾವಾಸೆ, ತುಂಬಿದ ದಿನ. ಇಲ್ಲಿ ಎಲ್ಲಾರೂ ಹೊಸ ಅಂಗಡಿ ತೆರೆಯೋ ಒಳ್ಳೆ ನಾಳು!"

"ಅಡಪಾವಿ! ಅದು ತಮಿಳರಿಗೆಡಾ! ಅಮಾವಾಸೆ ನಾಳು ನಮ್ಮ ಜನ ಮಗ್ಗ ಮುಟ್ತಾರಾ? ಐವತ್ತು ವರ್ಷ ಮುಟ್ಟದ ಕೈ ಇವತ್ತು ಹೆಂಗೆ ಎಳೀತದೆ?"

ಧರಣಿ ತಲೆ ಹಿಡಿದು ಕೂತಳು. ಮಿದುಳಿನ ಕಾಲುದಾರಿಗೂ ವಾರ್ಷಿಕ ರಜಾಪಟ್ಟಿ ಇರುತ್ತದೆಂದು ಅವಳ ಕಾಲೇಜಿನಲ್ಲಿ ಹೇಳಿರಲಿಲ್ಲ.

"ನಾಳೆ ಬನ್ನಿ ಸಾರ್, ಎರಡು ಮೊಳ ನೇಯ್ತಾರೆ!" ಎಂದು ಶಕ್ತಿವೇಲ್ ಬೇಡಿಕೊಂಡ.

ಪಟ್ಟಿ ಇವತ್ತೇ ಕೊಯಮತ್ತೂರಿಗೆ ಹೋಗಬೇಕು ಎಂದರು ಲೋಗನಾಥನ್ ತಮಿಳಿನಲ್ಲಿ. ಕನಿಕರವಿತ್ತು, ಫಾರ್ಮನ್ನು ಅತ್ತಿತ್ತ ತಿರುಗಿಸಿಯೂ ನೋಡಿದರು. ಇದ್ದದ್ದು ಎರಡೇ ಚೌಕ: ನೇಯ್ದರು, ನೇಯಲಿಲ್ಲ. ನೇಯಬಾರದ ದಿನಕ್ಕೆ ಚೌಕವಿರಲಿಲ್ಲ. ಅವರು ಪೆನ್ನಿನ ಮುಚ್ಚಳ ತೆಗೆದು ಎರಡನೆಯದಕ್ಕೆ ಗುರುತು ಹಾಕಿದರು.