ಮೊದಲ ಸ್ಟಾಪಿನ ಕೂಸು

ನಿಟ್ಟೂರಿನ ಕೆರಿಯಪ್ಪನ ಮನೆಯ ಮುಂದೆ ಸರಿಯಾಗಿ ಬೆಳಕು ಹರಿಯುವ ಮೊದಲೇ ಹಳದಿ ಬಸ್ಸು ಬಂದು ನಿಲ್ಲುತ್ತಿತ್ತು. ಹೊಸನಗರದ ಪೇಟೆಯ ಇಂಗ್ಲಿಷ್ ಶಾಲೆಯ ಬಸ್ಸು. ಅದರ ಹಾರನ್ ಕೇಳಿದರೆ ಸಾಕು, ಕೆರಿಯಪ್ಪನ ಎದೆ ಉಬ್ಬುತ್ತಿತ್ತು. ಯಾಕೆ ಉಬ್ಬಬಾರದು ಹೇಳಿ? ಅವನ ಅಪ್ಪ ಜಮೀನಿನ ಧಣಿಗಳಾದ ಒಡೇರ ಮನೆಯ ಅಂಗಳದಲ್ಲಿ ಗೇಣಿ ಅಳೆದು ಕೈಕಟ್ಟಿ ನಿಂತವನು. ಈಗ ಒಂದನೇ ಕ್ಲಾಸಿನ ಮೊಮ್ಮಗಳು ಕವನಾ ಅದೇ ಒಡೇರ ಮೊಮ್ಮಗನ ಪಕ್ಕದ ಸೀಟಿನಲ್ಲಿ ಕೂತು ಹೋಗುತ್ತಾಳೆ. ಅದರಲ್ಲೂ ಬಸ್ಸು ಮೊದಲು ನಿಲ್ಲುವುದು ಕೆರಿಯಪ್ಪನ ಮನೆಗೆ, ಒಡೇರ ಮನೆಗೆ ಆಮೇಲೆ. ಮೊದಲು ಹತ್ತಿದ ಕೂಸು ಕೊನೆಗೆ ಇಳಿಯುತ್ತದೆ, ಹೋಗುತ್ತ ಬರುತ್ತ ಊರೂರು ಸುತ್ತಿ ಹಣ್ಣಾಗುತ್ತದೆ ಎಂಬುದು ಮಾತ್ರ ಆ ಮನೆಯಲ್ಲಿ ಯಾರ ತಲೆಗೂ ಹೋಗಿರಲಿಲ್ಲ. ಕೂಗಳತೆಯಲ್ಲಿ ಸರ್ಕಾರಿ ಶಾಲೆ ಇತ್ತು. ಅದರ ಹೆಸರೆತ್ತಿದರೆ ಕೆರಿಯಪ್ಪ ಮೂಗು ಮುರಿಯುತ್ತಿದ್ದ.

ಸೊಸೆ ಸುಚಿತ್ರಾಳಿಗೆ ಅನುಮಾನ ಶುರುವಾದದ್ದು ದೀಪಾವಳಿ ಕಳೆದ ಮೇಲೆ. ಸಾಗರದ ಕಡೆಯಿಂದ ಬಂದ ಹೆಣ್ಣು, ಡಿಗ್ರಿ ಓದಿದವಳು, ಮಾತು ಕಡಿಮೆ, ಕಣ್ಣು ಚುರುಕು. ಬೆಳಿಗ್ಗೆ ಅವಳು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿರುವಾಗಲೇ ಅತ್ತೆ ದುಗ್ಗಮ್ಮ ಕೂಸಿಗೆ ತಿನ್ನಿಸಿ, ಯೂನಿಫಾರಂ ತೊಡಿಸಿ ಬಸ್ಸು ಹತ್ತಿಸಿಬಿಡುತ್ತಿದ್ದಳು. ಸಂಜೆ ಇಳಿಸಿಕೊಳ್ಳಲು ಹೋದರೆ ಮಗು ಹೆಗಲ ಮೇಲೆ ತೂಗಿ ಬೀಳುತ್ತಿತ್ತು. ತುಟಿ ಒಣಗಿ ಬಿರಿದಿರುತ್ತಿತ್ತು. ನೀರಿನ ಬಾಟಲಿ ಮಾತ್ರ ತುಂಬಿದ್ದು ತುಂಬಿದಂತೆಯೇ. ಬಚ್ಚಲಿಗೆ ಕರೆದೊಯ್ದರೆ ಉರಿ ಉರಿ ಎಂದು ಕಾಲು ಬಡಿದು ಅಳುತ್ತಿತ್ತು.

ಒಂದು ಸಂಜೆ ತೊಡೆಯ ಮೇಲೆ ಮಲಗಿಸಿಕೊಂಡು ಮೆಲ್ಲಗೆ ಕೇಳಿದಳು. ಬಸ್ಸಿನಲ್ಲಿ ಯಾರಾದರೂ ಮುಟ್ಟುತ್ತಾರಾ, ಹೆದರಿಸುತ್ತಾರಾ, ತಿನ್ನಲು ಏನಾದರೂ ಕೊಡುತ್ತಾರಾ ಎಂದು.

“ಹೇಳ್ಬಾರ್ದು ಅಂದಿದಾರೆ,” ಎಂದಿತು ಮಗು. ಯಾರು ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡಿತು.

ಹೆತ್ತ ಕರುಳು, ಹೇಗಾಗಬೇಡ! ಅಂದಿನಿಂದ ಸುಚಿತ್ರಾಳಿಗೆ ಡ್ರೈವರ್ ಉಮೇಶ್ ಕನ್ನಡಿಯಲ್ಲಿ ಹಿಂದೆ ನೋಡಿದರೆ ಯಾಕೆ ನೋಡಿದ ಎನ್ನಿಸಿತು, ಹಾಡು ಜೋರು ಮಾಡಿದರೆ ಯಾವ ಸದ್ದು ಮುಚ್ಚಲು ಎನ್ನಿಸಿತು. ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ ಯಮುನಮ್ಮನ ನಗುವೂ ಸರಿಯಿಲ್ಲ ಎನ್ನಿಸಿತು. ಬೇರೆ ತಾಯಂದಿರನ್ನು ವಿಚಾರಿಸಿದಳು. ಅವರು ಮುಖ ಮುಖ ನೋಡಿಕೊಂಡು ಮಾತು ತೇಲಿಸಿದರು. ತೀರ್ಥಹಳ್ಳಿ ಕಡೆ ಜೆಸಿಬಿ ಓಡಿಸುವ ಗಂಡ ದೀಪಕ್‌ಗೆ ಫೋನು ಮಾಡಿದರೆ, ಉಮೇಶ ಒಳ್ಳೆ ಹುಡುಗ ಎಂದ. ಇವನಿಗೆ ಹೇಗೆ ಗೊತ್ತು ಎಂದು ಗಂಡನ ಮೇಲೂ ಅನುಮಾನ!

ಮಾವನ ಹತ್ತಿರ ಹೇಳಿಯೇಬಿಟ್ಟಳು. ಕೆರಿಯಪ್ಪ ಸಿಡುಕಿದ.

“ಬಸ್ಸಿನೋರ ಮೇಲೆ ಗೂಬೆ ಕೂರಿಸ್ಬೇಡ ಮಾರಾಯ್ತಿ. ನಾಳೆಯಿಂದ ಈ ಕಡೆ ಬರದೇ ಇಲ್ಲ ಅಂದ್ರೆ ಎಂತ ಮಾಡ್ತೀಯ?”

ಮರುದಿನ ಸುಚಿತ್ರಾ ಹಾಲು ಕರೆಯುವುದನ್ನು ಅರ್ಧಕ್ಕೇ ಬಿಟ್ಟು ಬಂದು, ಪೇಟೆಯಲ್ಲಿ ಕೆಲಸವಿದೆಯೆಂದು ತಾನೂ ಬಸ್ಸು ಹತ್ತಿದಳು. ಉಮೇಶ್ ಬೇಡವೆನ್ನಲಿಲ್ಲ, “ಕೂತ್ಕಳಿ ಅಕ್ಕ” ಎಂದ. ಹಿಂದಿನ ಸೀಟಿನಲ್ಲಿ ಕೂತು ಅವನ ಕೈ, ಯಮುನಮ್ಮನ ಕೈ ನೋಡುತ್ತಲೇ ಇದ್ದಳು. ಯಾರೂ ಯಾವ ಮಗುವನ್ನೂ ಗದರಿಸಲಿಲ್ಲ. ಆದರೆ ಮೈ ಜುಮ್ಮೆನ್ನುವುದು ಒಂದಿತ್ತು. ಬಸ್ಸಿನ ತುಂಬ ಪುಟ್ಟ ಮಕ್ಕಳು, ಒಂದರ ದನಿಯೂ ಇಲ್ಲ. ತಿರುವು ಬಂದಾಗ ತಲೆಗಳೆಲ್ಲ ಒಂದೇ ಕಡೆ ವಾಲುತ್ತಿದ್ದವು. ಒಡೇರ ಮೊಮ್ಮಗನಂತೂ ಅಜ್ಜಿಯ ಕೈ ಹಿಡಿದು ಹತ್ತುವಾಗಲೇ ಅರೆನಿದ್ದೆಯಲ್ಲಿದ್ದ. ಪಕ್ಕದಲ್ಲಿ ಕವನಾ ಬಾಯಿ ತೆರೆದು ಮಲಗಿತ್ತು, ಅಲುಗಾಡಿಸಿದರೂ ಏಳಲಿಲ್ಲ.

“ಈ ಮಕ್ಕಳಿಗೆ ಎಂತ ಕೊಟ್ಟೀರಿ ನೀವು?” ಎಂದು ಯಮುನಮ್ಮನ ಕೈ ಹಿಡಿದಳು.

ಯಮುನಮ್ಮ ಅವಳನ್ನೇ ವಿಚಿತ್ರವಾಗಿ ನೋಡಿದಳು. “ನಾ ಎಂತ ಕೊಡ್ಲಿ? ವಾಂತಿ ಮಾತ್ರೆ ಮನೆಯಿಂದ್ಲೇ ಕೊಟ್ಟು ಕಳಿಸ್ತೀರಲ್ಲ. ನಿಮ್ಮತ್ತೆ ದಿನಾ ಬೆಲ್ಲದಲ್ಲಿಟ್ಟು ಕೊಡದು, ನಿಮಗ್ಗೊತ್ತಿಲ್ವಾ?”

ಪೇಟೆಯಲ್ಲಿ ಇಳಿದ ಸುಚಿತ್ರಾ ಶಾಲೆಗೆ ಹೋಗಲಿಲ್ಲ. ಮಗುವನ್ನು ಹೊತ್ತು ನೇರ ಡಾಕ್ಟರ ಹತ್ತಿರ ನಡೆದಳು. ಡಾಕ್ಟರು ಪರೀಕ್ಷೆ ಮಾಡಿಸಿ, ನೀರು ಕುಡಿಯದೆ, ಬಂದ ಉಚ್ಚೆಯನ್ನು ದಿನವೂ ಕಟ್ಟಿಕೊಂಡು ಸೋಂಕಾಗಿದೆ, ಹೀಗೇ ಬಿಟ್ಟರೆ ಕಿಡ್ನಿಗೆ ತಗಲುತ್ತದೆ ಎಂದರು. ನಿದ್ದೆ ಬರಿಸುವ ಆ ಮಾತ್ರೆಯನ್ನು ದಿನವೂ ಕೊಡುವ ಮಾತು ಕೇಳಿ ಬೈದರು. ಬೈಗುಳವೆಲ್ಲ ಅವಳೇ ತಿಂದಳು, ತಿನ್ನಬೇಕಾದವಳೂ ತಾನೇ ಎಂದುಕೊಂಡಳು. ಊರವರ ಮೇಲೆಲ್ಲ ಕಣ್ಣಿಟ್ಟವಳು ತನ್ನ ಅಡುಗೆಮನೆ ನೋಡಿರಲಿಲ್ಲ.

ಮನೆಗೆ ಬಂದು ಕೇಳಿದಾಗ ದುಗ್ಗಮ್ಮ ಮುಚ್ಚಿಡಲಿಲ್ಲ. ಮೊದಲ ವಾರ ಕೂಸು ಒಡೇರ ಮೊಮ್ಮಗನ ಮೈಮೇಲೆ ವಾಂತಿ ಮಾಡಿಕೊಂಡಿತ್ತಂತೆ. ಇನ್ನೊಂದು ಮಗು ಸೀಟು ಒದ್ದೆ ಮಾಡಿ ಎಲ್ಲರ ಬಾಯಿಗೆ ಬಿದ್ದಿತ್ತಂತೆ. ಬಸ್ಸು ನಡುದಾರಿಯಲ್ಲಿ ನಿಲ್ಲಿಸುವುದಿಲ್ಲ. ಅಜ್ಜಿಯರು ಅಜ್ಜಿಯರೇ ಮಾತಾಡಿಕೊಂಡರು: ಮಾತ್ರೆ ಕೊಡುವುದು, ನೀರು ಕುಡಿಯಬೇಡ ಎನ್ನುವುದು, ಉಚ್ಚೆ ಬಂದರೆ ಬಾಯಿ ಬಿಡಬಾರದೆಂದು ಕಲಿಸುವುದು. ಈ ದಾರಿಯ ಮನೆಗಳಲ್ಲೆಲ್ಲ ಈಗ ಅದೇ ರೂಢಿ.

“ನಾನೆಂತ ವಿಷ ಕೊಟ್ನನೆ? ಕೂಸಿಗೆ ನಾಚಿಕೆ ಆಗ್ಬಾರ್ದು ಅಂತ ಕೊಟ್ಟೆ,” ಎಂದು ದುಗ್ಗಮ್ಮ ಅತ್ತಳು. ಅವಳ ಅಳು ಸುಳ್ಳಾಗಿರಲಿಲ್ಲ. ಓದುವ ತಾಯಿತಂದೆಯರೇ, ಆ ಬಸ್ಸಿನಲ್ಲಿ ಒಬ್ಬನಾದರೂ ಕೇಡಿಗ ಸಿಕ್ಕಿದ್ದರೆ ಹಿಡಿದು ಹೊಡೆಯಬಹುದಿತ್ತು. ಪ್ರೀತಿಯಿಂದಲೇ ಕೊಟ್ಟ ಕೈಯನ್ನು ಏನು ಮಾಡುತ್ತೀರಿ?

ಕೂಸು ಚೇತರಿಸಿಕೊಂಡ ಮೇಲೆ ಒಂದು ಬೆಳಿಗ್ಗೆ ಮತ್ತೆ ಹಾರನ್ ಕೇಳಿತು. ಕೆರಿಯಪ್ಪನೇ ಬ್ಯಾಗು ಹಿಡಿದು ಹೊರಟ. ಮಾತ್ರೆ ಬೇಡ, ನೀರೂ ಕುಡಿಯಲಿ, ಬಸ್ಸು ಮಾತ್ರ ಬಿಡುವುದು ಬೇಡ ಎಂಬುದು ಅವನ ರಾಜಿ. ಸುಚಿತ್ರಾ ಬಾಗಿಲಿಗೆ ಅಡ್ಡ ನಿಂತಳು.

“ಸರ್ಕಾರಿ ಶಾಲೆಗೆ ಹಾಕಿದ್ರೆ ಒಡೇರು ನಗಾಡ್ತಾರೆ. ಗೇಣಿಯವ್ರು ಕಡೆಗೂ ಅಲ್ಲೇ ಉಳಿದ್ರು ಅಂತಾರೆ,” ಎಂದ ಕೆರಿಯಪ್ಪ.

“ನಗ್ಲಿ ಮಾವ. ಅವ್ರ ಮೊಮ್ಮಗನೂ ಅದೇ ಮಾತ್ರೆ ನುಂಗಿ ಬಿದ್ಕೊಂಡಿರ್ತಾನೆ. ಅವ್ರ ಸರಿಸಮ ಆಗ್ಬೇಕು ಅಂತ ಇವಳನ್ನೂ ಮಲಗಿಸ್ಬೇಕಾ? ಇಂಗ್ಲಿಷ್ ನಾ ಕಲಿಸ್ತೀನಿ. ಬಸ್ಸಿಗೆ ಕಳ್ಸದಿಲ್ಲ.”

ಬಸ್ಸು ಕಾದು ಕಾದು ಹೋಯಿತು. ಕೆರಿಯಪ್ಪ ಬ್ಯಾಗನ್ನು ಜಗಲಿಯ ಮೇಲೆ ಬಿಸಾಡಿ ಒಳಗೆ ನಡೆದ. ದುಗ್ಗಮ್ಮ ಅದನ್ನೆತ್ತಿ, ಧೂಳು ಕೊಡವಿ, ಸೊಸೆಯ ಕೈಗೆ ಕೊಟ್ಟಳು.

ಶಾಲೆ ತೆರೆಯುವ ಹೊತ್ತಿಗೆ ತಾಯಿ ಮಗಳು ನಡೆದೇ ಹೊರಟರು. ಸರ್ಕಾರಿ ಶಾಲೆಯ ಗೇಟಿನಲ್ಲಿ ಯಶೋಧಾ ಟೀಚರು ಕೈ ಬೀಸುತ್ತಿದ್ದರು. ಕವನಾ ಅಲ್ಲಿಯೇ ನಿಂತುಬಿಟ್ಟಿತು. ಸುತ್ತ ಯಾರಾದರೂ ಇದ್ದಾರೇನೋ ಎಂದು ನೋಡಿ, ಅಮ್ಮನ ಕಿವಿಗೆ ಬಾಯಿಟ್ಟಿತು.

“ಅಮ್ಮಾ, ಇಲ್ಲಿ ಉಚ್ಚೆ ಬಂದ್ರೆ ಹೇಳ್ಬೋದಾ?”

ಸುಚಿತ್ರಾ ಅಲ್ಲೇ ರಸ್ತೆಯಲ್ಲಿ ಕುಕ್ಕರಿಸಿ ಕೂತು ಮಗಳನ್ನು ಅಪ್ಪಿಕೊಂಡಳು. ಇಷ್ಟು ದಿನ ತಡೆದಿದ್ದ ಅಳು ಆಗ ಬಂತು.

“ಹೇಳ್ಬೋದು ಮಗಾ. ಎಲ್ಲರಿಗೂ ಕೇಳ್ಸೋ ಹಾಗೆ ಹೇಳು.”