ಬ್ರಾಕೆಟ್ಟಿನೊಳಗಿನ ಚಪ್ಪಾಳೆ

ಎಡಗಾಲಿನ ಹಿಮ್ಮಡಿ ಮತ್ತೆ ಚಪ್ಪಲಿಯಿಂದ ಹೊರಗೆ ಬಂತು, ಅದೇ ಕಾಲು, ಅದೇ ಚಾಳಿ, ಹದಿನಾರು ವರ್ಷವಾದರೂ ಬಿಟ್ಟಿಲ್ಲ ನೋಡು, ಮಾತು ಬಿಸಿಯಾಯಿತೋ ಹಿಮ್ಮಡಿ ಮೇಲೆದ್ದಿತು, ಸುತ್ತ ಕೂತ ಸದಸ್ಯರಿಗೆ ಅದು ಕಾಣುವುದಿಲ್ಲ, ಕ್ಯಾಮೆರಾಗಳಿಗೂ ಕಾಣುವುದಿಲ್ಲ, ಸದನದ ನಡುವೆ ತಗ್ಗಿನಲ್ಲಿ ಮೇಜು ಹಾಕಿಕೊಂಡು ಕೂತ ಸ್ಟೆನೋ ಇವಳೊಬ್ಬಳಿಗೇ ಕಾಣುತ್ತದೆ, ದೇಶಕ್ಕೆಲ್ಲ ಮಾತಾಡುತ್ತಿರುವ ಆ ಸಂಸದೆಯ ಮುಖ, ಇವಳ ಪಾಲಿಗೆ ಹಿಮ್ಮಡಿ — ಪೆನ್ಸಿಲ್ ಓಡುತ್ತಿದೆ, ಮಾನ್ಯ ಸಭಾಧ್ಯಕ್ಷರೇ, ಶಾಲೆಗಳಲ್ಲಿ ಕಸ ಗುಡಿಸುವ, ನೀರು ಹೊರುವ ಆಯಾಗಳ ಕೆಲಸ ಕಾಯಂ ಆಗಬೇಕು ಎನ್ನುವ ಈ ಮಸೂದೆ, ಕೊಕ್ಕೆ, ಗೀಟು, ಚುಕ್ಕೆ, ಐದು ನಿಮಿಷದ ಪಾಳಿ, ಇನ್ನು ಮೂರೂವರೆ ಉಳಿದಿದೆ, ಆಮೇಲೆ ಮುಂದಿನ ಪಾಳಿಯ ಸ್ಟೆನೋ ಮೀಸೆಯವರು ಬಂದು ಈ ಕುರ್ಚಿಯಲ್ಲಿ ಕೂರುತ್ತಾರೆ, ಇವಳು ಒಳಗೆ ಹೋಗಿ ಗೀಚಿದ್ದನ್ನು ಟೈಪು ಮಾಡಬೇಕು, ಐದೈದು ನಿಮಿಷದ ತುಂಡುಗಳನ್ನು ಒಂದಕ್ಕೊಂದು ಹೊಲಿದರೆ ಅದೇ ಸದನದ ಕಡತ, ನೂರು ವರ್ಷ ಇರುತ್ತದಂತೆ. ಅತಿ ಕಿರಿಯ ಸಂಸದೆ, ಇಪ್ಪತ್ತೊಂಬತ್ತು, ಇವಳಿಗೂ ಇಪ್ಪತ್ತೊಂಬತ್ತೇ, ಇವಳನ್ನು ಯಾರೂ ಅತಿ ಕಿರಿಯ ಎಂದು ಹಾಡಿ ಹೊಗಳಲಿಲ್ಲ, ಒಂದೇ ಶಾಲೆ, ಒಂದೇ ಬೆಂಚು, ಒಂದೇ ಕಂಪಾಸು ಪೆಟ್ಟಿಗೆ ಇಬ್ಬರಿಗೂ — ಪೆಟ್ಟಿಗೆ ಅವಳದು, ಬಿಡು — ಆಮೇಲೆ ಅವಳು ಕಾಲೇಜು ಸಂಘದ ಅಧ್ಯಕ್ಷೆ, ಇಪ್ಪತ್ತೆರಡಕ್ಕೆ ಪುರಸಭೆ, ಮೊದಲ ಸಲ ಸಂಸತ್ತಿಗೆ ನಿಂತು ಸೋತಳು, ಆ ದಿನ ಇವಳು ಎರಡು ತುತ್ತು ಹೆಚ್ಚೇ ಉಂಡಳು, ಸುಳ್ಳು ಯಾಕೆ ಹೇಳಬೇಕು, ಎರಡನೆಯ ಸಲ ಉಪಚುನಾವಣೆಯಲ್ಲಿ ಗೆದ್ದಳು, ಬೀದಿ ಬೀದಿಯ ಗೋಡೆಯ ಮೇಲೂ ಅವಳ ಹಲ್ಲು. ಯುವ ಸಂಸದೆಯ ಮಾತೆಂದರೆ ಮುತ್ತು ಪೋಣಿಸಿದ ಹಾಗೆ ಅಂತ ಪತ್ರಿಕೆಯವರು ಬರೆಯುತ್ತಾರೆ, ದಾರ ಯಾರದಪ್ಪಾ, ಅವಳು ಅರ್ಧಕ್ಕೆ ಬಿಟ್ಟ ವಾಕ್ಯಕ್ಕೆಲ್ಲ ಬಾಲ ಹಚ್ಚಿದ್ದು ಯಾರು, ಅಂದ್ರೆ ಅಂದ್ರೆ ಅಂತ ಮೂರು ಸಲ ತಡವರಿಸಿದ್ದನ್ನು ಮೂರೂ ಕಿತ್ತು ಎಸೆದದ್ದು ಯಾರು, ಯಾರದೋ ಕೂದಲಿಗೆ ಜಡೆ ಹೆಣೆದು ಹೆಣೆದು ಇವಳ ಬೆರಳು ಸವೆಯಿತು. ಹೋದ ತಿಂಗಳು ಲಿಫ್ಟಿನಲ್ಲಿ ಎದುರಾಗಿದ್ದಳು, ನಿಮ್ಮನ್ನ ಎಲ್ಲೋ ನೋಡಿದೀನಲ್ಲಾ, ಇಲ್ಲ ಮೇಡಂ, ನಂದು ಎಲ್ಲರ ಥರದ ಮುಖ, ಅಂದುಬಿಟ್ಟಳು ಇವಳು, ಗುರುತು ಸಿಗದೇ ಹೋಗಲಿ ಅಂತಲೋ, ಬಿಡದೆ ಕೆದಕಿ ಗುರುತು ಹಿಡಿಯಲಿ ಅಂತಲೋ, ಇವತ್ತಿಗೂ ಇವಳಿಗೆ ಗೊತ್ತಿಲ್ಲ, ಲಿಫ್ಟಿನ ಬಾಗಿಲು ತೆರೆಯಿತು, ಅವಳು ನಕ್ಕು ಹೋದಳು, ಅದೇ ಗೋಡೆಯ ಮೇಲಿನ ನಗು.

ನಮ್ಮ ಶಾಲೆಯಲ್ಲಿ ಒಬ್ಬ ಆಯಾ ಇದ್ದರು, ಮಾನ್ಯ ಸಭಾಧ್ಯಕ್ಷರೇ — ಪೆನ್ಸಿಲ್ ಅರ್ಧ ಗೀಟಿನಲ್ಲಿ ಎಡವಿತು, ಸಾವರಿಸಿಕೊಂಡಿತು, ಶಾಲೆಯಲ್ಲಿ ಇದ್ದದ್ದೇ ಒಬ್ಬ ಆಯಾ, ಅದು ಇವಳ ಅಮ್ಮ — ಎಂಟನೇ ಕ್ಲಾಸಿನ ಭಾಷಣ ಸ್ಪರ್ಧೆ, ವೇದಿಕೆಗೆ ಹೋಗಲು ಎದ್ದವಳು ನಾನು ನಡುದಾರಿಯಲ್ಲೇ ನಿಂತುಬಿಟ್ಟೆ, ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತಿದ್ದ ಅವರು ನನಗೆ ಹೇಳಿದರು, ಜೋರಾಗಿ ಮಾತಾಡು ಮಗಳೇ, ಬಾಗಿಲ ಹತ್ರ ನಿಂತೋಳಿಗೂ ಕೇಳ್ಬೇಕು, ಇವತ್ತಿಗೂ ಮಾತಾಡಲು ಎದ್ದಾಗೆಲ್ಲ ನಾನು ಬಾಗಿಲನ್ನು ನೋಡುತ್ತೇನೆ — ಮಗಳೇ ಅಂದಳಾ, ಅಮ್ಮ, ಅವಳಿಗೆ, ಇವಳನ್ನು ಮನೆಯಲ್ಲಿ ಏ ಹುಡುಗಿ ಅನ್ನುವುದು ಬಿಟ್ಟು ಬೇರೆ ಹೆಸರು ಹಿಡಿದು ಕರೆದದ್ದಿಲ್ಲ, ಏ ಹುಡುಗಿ ತಲೆ ಬಾಚ್ಕೋ, ಏ ಹುಡುಗಿ ಬಾಗಿಲು ಹಾಕ್ಕೋ, ಆ ಮಗಳೇ ಎನ್ನುವ ಮಾತನ್ನು ಯಾವ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಳು, ಯಾರಿಗೋ ತೆಗೆದು ಕೊಟ್ಟಳಲ್ಲ, ಕೇಳೋಣವೆಂದರೆ ಅಮ್ಮ ಹೋಗಿ ಎರಡು ವರ್ಷ, ಯಾವಾಗಲೂ ಒದ್ದೆಯಾಗಿದ್ದ ಆ ಕೈ, ಜ್ವರ ನೋಡಲು ಹಣೆ ಮುಟ್ಟಿದರೆ ಜ್ವರವೇ ಬೆಚ್ಚಿ ಇಳಿಯುವಷ್ಟು ತಣ್ಣಗೆ — ಅಷ್ಟರಲ್ಲಿ ಸದನ ಮೇಜು ಕುಟ್ಟಿತು, ಎರಡೂ ಕಡೆಯವರು, ಆ ಪಕ್ಷ ಈ ಪಕ್ಷ ಅಂತಿಲ್ಲದೆ, ತಗ್ಗಿನಲ್ಲಿ ಕೂತ ಇವಳ ಹಲ್ಲಿನವರೆಗೂ ಆ ಸದ್ದು ಬಂತು, ನಮ್ಮಮ್ಮನಿಗೆ ಕುಟ್ಟುತ್ತಿದ್ದಾರೆ, ಇಲ್ಲ, ಅವಳಿಗೆ ಕುಟ್ಟುತ್ತಿದ್ದಾರೆ, ನಮ್ಮಮ್ಮನನ್ನು ತೋರಿಸಿ ಅವಳು ಕುಟ್ಟಿಸಿಕೊಳ್ಳುತ್ತಿದ್ದಾಳೆ, ಕುಟ್ಟುವುದಿನ್ನೂ ನಿಂತಿರಲಿಲ್ಲ, ಮೀಸೆಯವರು ಭುಜ ತಟ್ಟಿದರು, ಏಳಮ್ಮಾ, ನನ್ನ ಪಾಳಿ.

ಟೈಪು ಕೋಣೆಯಲ್ಲಿ ಫ್ಯಾನು ಕಟಕಟ ಅನ್ನುತ್ತಿದೆ, ಇವಳು ಎಲ್ಲವನ್ನೂ ಬಡಿದಳು, ಒಂದಕ್ಷರ ಬಿಡದೆ, ಮಗಳೇ ಎನ್ನುವುದನ್ನೂ ಬಡಿದಳು, ಅವಳ ಹೆಸರಿನ ಕೆಳಗೆ, ಕೊನೆಯಲ್ಲಿ ಬ್ರಾಕೆಟ್ಟಿನೊಳಗೆ ಮೇಜು ಕುಟ್ಟಿ ಮೆಚ್ಚುಗೆ ಅಂತ ಹಾಕಬೇಕು, ಹಾಕಲಿಲ್ಲ, ಎರಡೇ ಎರಡು ಬ್ರಾಕೆಟ್ಟು, ನಡುವೆ ಮೂರು ಪದ, ಅಷ್ಟು ಬಿಟ್ಟರೆ ನೂರು ವರ್ಷದ ಮೇಲೆ ಓದುವವರಿಗೆ ಅವಳು ಮಾತಾಡಿದಳು, ಸದನ ಸುಮ್ಮನಿತ್ತು, ಅಷ್ಟೇ, ಇವಳ ಕೈಯಲ್ಲಿ ಇರುವುದೇ ಅಷ್ಟು, ಅದನ್ನೂ ಮಾಡದೆ ಬಿಡಲೇ — ಹೋದ ವರ್ಷ ಒಬ್ಬ ಕೆಮ್ಮನ್ನು ನಗು ಅಂತ ಬರೆದು ಹಳೇ ಕಡತದ ಕೋಣೆಗೆ ವರ್ಗವಾದ, ಇರಲಿ, ಧೂಳಿನ ಜೊತೆ ಇದ್ದರಾಯಿತು, ಧೂಳು ಯಾರಿಗೂ ಮಗಳೇ ಅನ್ನುವುದಿಲ್ಲ. ಮೀಸೆಯವರು ತಮ್ಮ ಹಾಳೆ ಹಿಡಿದು ಬಂದರು, ಇವಳ ಹಾಳೆಯ ಪಕ್ಕಕ್ಕಿಟ್ಟು ನೋಡಿದರು, ಕನ್ನಡಕ ಮೂಗಿನ ತುದಿಗೆ ಇಳಿಯಿತು, ಏನಮ್ಮಾ ತಾಯಿ, ನಿನ್ನ ಹಾಳೆ ಮೌನದಲ್ಲಿ ಮುಗಿಯುತ್ತೆ, ನಂದು ಮೇಜು ಕುಟ್ಟೋದು ಮುಂದುವರಿಯಿತು ಅಂತ ಶುರುವಾಗುತ್ತೆ, ಶುರು ಮಾಡಿದ್ದು ಯಾರು ಮತ್ತೆ, ದೆವ್ವಾನಾ, ಕಿವಿಗೆ ಹತ್ತಿ ಇಟ್ಕೊಂಡಿದ್ಯಾ, ಕೇಳಿಸ್ಲಿಲ್ಲ ಅಣ್ಣಾ, ಕೇಳಿಸ್ಲಿಲ್ವಾ, ಆಚೆ ಗೇಟಿನ ಪೊಲೀಸಿಗೂ ಕೇಳಿಸಿರುತ್ತೆ, ಸಾಹೇಬರು ಇನ್ನು ಹತ್ತು ನಿಮಿಷಕ್ಕೆ ಹಾಳೆ ಕೇಳ್ತಾರೆ, ಸೇರಿಸಿಬಿಡು, ನಾನು ನೋಡೇ ಇಲ್ಲ ಅಂದ್ಕೋ, ಮುಂದಕ್ಕೆ ಏನಿದೆ ಓದ್ಕೊಂಡು ಹೊಲಿಗೆ ಸರಿ ಮಾಡು, ಟೀ ಕುಡಿದು ಬರ್ತೀನಿ — ಹೋದರು, ಒಳ್ಳೆಯವರು, ಒಳ್ಳೆಯವರ ಕಾಟ ಕೆಟ್ಟವರದಕ್ಕಿಂತ ಹೆಚ್ಚು. ಅವರ ಹಾಳೆ ಓದಿದಳು. ಮಾನ್ಯ ಸಭಾಧ್ಯಕ್ಷರೇ, ಅಂದು ನನಗಿಂತ ಮೊದಲು ಮಾತಾಡಿದ್ದು ಆ ಆಯಾರ ಸ್ವಂತ ಮಗಳು, ನನಗಿಂತ ಚೆನ್ನಾಗಿ ಮಾತಾಡುತ್ತಿದ್ದಳು, ಅವಳು ಉಸಿರಿಗೆಂದು ನಿಲ್ಲಿಸಿದ ಕಡೆಯೇ, ವಾಕ್ಯ ಮುಗಿಯುವ ಮೊದಲೇ, ಆಯಾ ಬಕೆಟ್ಟು ಕೆಳಗಿಟ್ಟು ಒದ್ದೆ ಕೈಯಲ್ಲಿ ಚಪ್ಪಾಳೆ ತಟ್ಟಿದರು, ಇಡೀ ಹಾಲ್ ನಕ್ಕಿತು, ನಾನೂ ನಕ್ಕೆ, ಹುಡುಗಿಗೆ ಮುಂದಿನ ಮಾತು ಮರೆತುಹೋಯಿತು, ಕಪ್ ನನಗೆ ಬಂತು, ನನ್ನ ಮನೆಯಿಂದ ಅಂದು ಯಾರೂ ಬಂದಿರಲಿಲ್ಲ, ಆ ಹುಡುಗಿಯನ್ನು ಕಂಡು ನನಗೆ ಹೊಟ್ಟೆ ಉರಿದಿತ್ತು, ಇಂದಿಗೂ ಉರಿಯುತ್ತದೆ, ಇಲ್ಲಿ ನೀವೆಲ್ಲ ಕುಟ್ಟುವ ಮೇಜುಗಳಿಗೆ ಆ ಸದ್ದಿಲ್ಲ.

ಹೊಟ್ಟೆ ಉರಿದಿತ್ತಂತೆ, ಅವಳಿಗೆ, ಇದನ್ನೂ ಬಿಡಲಿಲ್ಲವಲ್ಲ, ಉರಿಯೊಂದಾದರೂ ತನ್ನ ಸ್ವಂತದ್ದು ಅಂದುಕೊಂಡಿದ್ದಳು ಇವಳು, ಅದರಲ್ಲೂ ಅವಳೇ ಮೊದಲು, ಹದಿನಾರು ವರ್ಷ ಮೊದಲು — ಮರೆತುಹೋಯಿತು ಅಂದಳು, ಸರಿ, ಆಮೇಲೆ ಏನಾಯಿತು ಅಂತ ಅವಳು ನೋಡಲಿಲ್ಲ, ನೋಡಿದ್ದರೆ ಹೇಳುತ್ತಿದ್ದಳು, ಅದು ಯಾರ ಹಾಳೆಯಲ್ಲೂ ಇಲ್ಲ, ಬೇಡ, ಬ್ರಾಕೆಟ್ಟು ಹಾಕು, ಹತ್ತು ನಿಮಿಷ ಅಂದಿದ್ದಾರೆ, ಫ್ಯಾನು ಕಟಕಟ — ವೇದಿಕೆಯ ಮೇಲಿಂದ ಇವಳು ಬಾಗಿಲಿನ ಕಡೆ ನೋಡಿದ್ದಳು, ಹದಿಮೂರು ವರ್ಷದ ಹುಡುಗಿ ಹೆತ್ತವಳನ್ನು ನೋಡಬಾರದ ಹಾಗೆ, ನೀನ್ಯಾರೋ ನನಗೆ ಗೊತ್ತೇ ಇಲ್ಲ ಅನ್ನುವ ಹಾಗೆ, ಅಮ್ಮನಿಗೆ ಅರ್ಥವಾಯಿತು, ಬಿದ್ದ ಮುಖ ಎತ್ತಿಕೊಂಡು, ಎದ್ದು ಬರುತ್ತಿದ್ದ ಮುಂದಿನ ಹುಡುಗಿಗೆ ಜೋರಾಗಿ ಮಾತಾಡು ಮಗಳೇ ಅಂದಿರಬೇಕು, ಆ ಮಾತು ಹೊರಟಿದ್ದು ಯಾರಿಗೆ, ತಲುಪಿದ್ದು ಯಾರಿಗೆ — ಇವಳಿಗೆ ಈ ಕೆಲಸದ ಆದೇಶ ಬಂದ ದಿನ ಕೂಡ ಅಮ್ಮ ಚಪ್ಪಾಳೆ ತಟ್ಟಲಿಲ್ಲ, ಕೈ ಒರೆಸಿಕೊಂಡು ಒರೆಸಿಕೊಂಡು ಕಾಗದವನ್ನು ನೋಡಿ, ಒಳ್ಳೇದಾಯ್ತು ಹುಡುಗಿ, ಅಂದಳು, ಅಷ್ಟೇ. ಇವಳು ಹಾಳೆಯ ಕೊನೆಗೆ ಬಂದಳು, ಬ್ರಾಕೆಟ್ಟು ತೆರೆದಳು, ಮೂರು ಪದದ ಜಾಗ ಬಿಟ್ಟು ಬ್ರಾಕೆಟ್ಟು ಮುಚ್ಚಿದಳು, ಪದ ಆಮೇಲೆ ತುಂಬಿದರಾಯಿತು, ಬೆರಳು ಕೀಲಿಯ ಮೇಲೆ, ತೆರೆದ ಬ್ರಾಕೆಟ್ಟು, ಮುಚ್ಚಿದ ಬ್ರಾಕೆಟ್ಟು, ಒಂದರ ಹೊಟ್ಟೆ ಆ ಕಡೆ, ಒಂದರ ಹೊಟ್ಟೆ ಈ ಕಡೆ, ನಡುವೆ ಖಾಲಿ, ಶಾಲೆಯ ಹಾಲ್ ಬಾಗಿಲಲ್ಲಿ ಮಗಳು ನೋಡಿದ ಆ ಗಳಿಗೆಗೆ ಹಾಗೇ ನಿಂತುಬಿಟ್ಟ ಎರಡು ಕೈ, ಮತ್ತೆ ಕೂಡಲಾರದೆ, ಕೆಳಗಿಳಿಯಲೂ ಆರದೆ, ಒಂದು ಗೇಣು ದೂರದಲ್ಲಿ ಎದುರುಬದುರು, ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಾ, ಎರಡು ಒದ್ದೆ ಕೈ, ನಡುವೆ ಒಂದು ಗೇಣು, ಎರಡು ಒದ್ದೆ ಕೈ