ಜೊತೆಯಿಲ್ಲದೆ ಇಳಿದ ಬಾವಿ

ನನ್ನ ಗಂಡ ರವಿಚಂದ್ರನವರ ಕೆಲಸವೆಲ್ಲ ನೀರಿನೊಳಗೆ. ಬಾವಿಗೆ ಬಿದ್ದ ಮೋಟಾರು ಎತ್ತುವುದು, ಹೊಳೆಯಲ್ಲಿ ಪಂಪ್‌ಹೌಸಿನ ಜಾಲರಿಗೆ ಸಿಕ್ಕ ಕಸ ಬಿಡಿಸುವುದು. ದಾವಣಗೆರೆ, ಹರಿಹರದ ಸುತ್ತ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವವರೆಂದರೆ ನನಗೆ ಗೊತ್ತಿರುವುದು ಇಬ್ಬರೇ, ಇವರು ಮತ್ತು ಅಮ್ಜದ್ ಭಾಯ್. ಒಬ್ಬರು ಇಳಿದರೆ ಇನ್ನೊಬ್ಬರು ಮೇಲೆ ಹಗ್ಗ ಹಿಡಿದು ನಿಲ್ಲುತ್ತಾರೆ. ಹನ್ನೊಂದು ವರ್ಷ ಹಾಗೇ ನಡೆದಿತ್ತು. ಮಗಳ ಮದುವೆಗೆಂದು ಅಮ್ಜದ್ ಭಾಯ್ ಹುಬ್ಬಳ್ಳಿಗೆ ಹೋದ ವಾರ ಇವರಿಗೆ ಒಬ್ಬರೇ ಇಳಿಯುವ ಹುಕಿ ಬಂತು.

"ಅಮ್ಜದ್ ಭಾಯ್ ಬರ್ತಾರೆ, ಸೋಮವಾರದ ತನಕ ತಡೀರಿ" ಎಂದೆ.

"ಮೋಟಾರು ಬಿದ್ದು ನಾಕು ದಿನ ಆತು ಆಶಾ, ಜನ ಕಾಯಲ್ಲ. ಒಬ್ರೇ ಇಳಿಯಾಕೂ ಒಂದು ಪದ್ಧತಿ ಐತೆ. ಕಾರವಾರದ ಟ್ರೈನಿಂಗ್‌ನಾಗೆ ಕಲಿಸ್ಯಾರೆ."

ಆ ಪದ್ಧತಿಯನ್ನು ನನಗೆ ಬಾಯಿಪಾಠವಾಗುವಷ್ಟು ಸಲ ಹೇಳಿದ್ದಾರೆ. ಸಣ್ಣದೊಂದು ಸಿಲಿಂಡರ್ ಹೆಚ್ಚಿಗೆ ಇರಬೇಕು. ತೊಡೆಗೆ ಚಾಕು ಕಟ್ಟಿರಬೇಕು. ಮೂರರಲ್ಲಿ ಒಂದು ಪಾಲು ಗಾಳಿ ಖರ್ಚಾದ ಕೂಡಲೇ ಕೆಲಸ ಎಷ್ಟೇ ಉಳಿದಿರಲಿ, ತಿರುಗಬೇಕು. ಮತ್ತೆ, ಯಾವ ನೀರಿಗೆ ಇಳಿಯುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಮೇಲಿರುವ ಒಬ್ಬರಿಗಾದರೂ ಹೇಳಿರಬೇಕು.

ಈ ಕೊನೆಯದು ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ಹೊರಟವರನ್ನು ಎಲ್ಲಿಗೆ ಎಂದು ಕೇಳುವುದೇ ಅಪಶಕುನ ಎನ್ನುವವರು ನಮ್ಮತ್ತೆ ದುರುಗವ್ವ. ಮದುವೆಯಾದ ಹೊಸದರಲ್ಲಿ ನಾನೊಮ್ಮೆ ಬಾಯಿ ತಪ್ಪಿ ಕೇಳಿದ್ದಕ್ಕೆ, ಗೇಟು ದಾಟಿದ್ದ ಮಗನನ್ನು ವಾಪಸ್ ಕರೆದು ಕೂರಿಸಿ, ನೀರು ಕುಡಿಸಿ, ಮತ್ತೆ ಕಳಿಸಿದ್ದರು. ಬಲು ಅಕ್ಕರೆಯ ಜೀವ, ಆದರೆ ಹಟಮಾರಿ.

ಶುಕ್ರವಾರ ಬೆಳಿಗ್ಗೆ ಇವರು ಬೈಕಿಗೆ ಸಾಮಾನು ಬಿಗಿದರು. ನಾನು ಉಪ್ಪಿಟ್ಟಿನ ತಟ್ಟೆಯನ್ನು ಠಣ್ಣನೆ ಇಟ್ಟು ಒಳಗೆ ಹೋದೆ. "ಹನ್ನೊಂದಕ್ಕೆ ಬರ್ತೀನಿ" ಎಂದು ಬಾಗಿಲಿನಿಂದ ಕೂಗಿದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಅತ್ತೆಗೆ ಹೆದರಿ ಕೇಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಿಟ್ಟಿಗೆ ಕೇಳಲಿಲ್ಲ.

ಹನ್ನೊಂದಾಯಿತು, ಹನ್ನೆರಡೂ ಆಯಿತು. ಫೋನು ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಮೊದಲೆರಡು ಸಲ ಫೋನಿಗೇ ಬೈದೆ. ಆಮೇಲೆ ಬೈಗುಳ ಬಾಯಿಗೆ ಬರಲಿಲ್ಲ. ಸಿಲಿಂಡರಿನಲ್ಲಿ ಇರುವುದು ಹೆಚ್ಚೆಂದರೆ ಒಂದು ಗಂಟೆಯ ಗಾಳಿ.

"ಎಲ್ಲಿಗೆ ಹೋಗ್ಯಾನವ್ವಾ?" ಎಂದರು ಅತ್ತೆ.

"ನೀವು ಕೇಳಗೊಟ್ರೆ ತಾನೇ ಗೊತ್ತಾಗಾದು!" ಎಂದು ರೇಗಿದೆ. ಅವರ ಮುಖ ನೋಡಿ ದನಿ ತಗ್ಗಿಸಿದೆ. "ತಪ್ಪು ನಂದೂ ಐತೆ ಅತ್ತೆ. ಮುನಿಸ್ಕೊಂಡು ಸುಮ್ನಿದ್ದೆ."

ಹುಬ್ಬಳ್ಳಿಗೆ ಫೋನು ಮಾಡಿದೆ. ಮದುವೆ ಮನೆಯ ಗದ್ದಲದ ನಡುವೆ ಅಮ್ಜದ್ ಭಾಯ್ ಕಿರುಚಿದರು. "ಎರಡು ಬಾವಿ ಬಾಕಿ ಇದ್ವು ಭಾಬಿ. ಒಂದು ದಾವಣಗೆರೆ ಹತ್ರದ ತೋಟದ್ದು, ಇನ್ನೊಂದು ಗುತ್ತೂರು ದಾಟಿ ಉಜ್ಜನಪ್ಪಾರ ಹೊಲದ್ದು. ಒಬ್ನೇ ಹೋಗ್ಯಾನಾ? ಅಕಲ್ ಐತೇನು ಅವ್ನಿಗೆ?"

ದಾವಣಗೆರೆಯ ವಿನೋಬನಗರದಲ್ಲಿ ನಮ್ಮ ಪಕ್ಕದ ಮನೆಯ ಶಬ್ಬೀರ್ ಊಟ ಬಿಟ್ಟೆದ್ದು ಆಟೋ ತೆಗೆದ. ಹತ್ತಿರದ ಬಾವಿ ಮೊದಲು ನೋಡಿದೆವು. ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ಅಲ್ಲಿಂದ ಗುತ್ತೂರಿನವರೆಗೂ ಅತ್ತೆ ನನ್ನ ಕೈ ಬಿಡಲಿಲ್ಲ.

ಉಜ್ಜನಪ್ಪನವರ ಹೊಲದಲ್ಲಿ, ಬಾವಿಯ ಪಕ್ಕದ ಬೇವಿನ ಮರದ ಕೆಳಗೆ ಬೈಕಿತ್ತು. ಹ್ಯಾಂಡಲಿಗೆ ಚೀಲ ನೇತಾಡುತ್ತಿತ್ತು, ಅದರಲ್ಲಿ ಫೋನು. ಬಾವಿಯ ದಂಡೆಯ ಮೇಲೆ ಹಗ್ಗವಿರಲಿಲ್ಲ. ಬಗ್ಗಿ ನೋಡುವ ಧೈರ್ಯ ನನಗೆ ಬರಲಿಲ್ಲ. ನೋಡಿದವರು ಅತ್ತೆ.

"ರವೀ!"

"ಅವ್ವಾ, ಅಂಚಿಗೆ ಬರಬ್ಯಾಡ, ಮಣ್ಣು ಸಡಿಲ ಐತೆ!"

ನೀರಿನ ಮೇಲೆ ಚಾಚಿಕೊಂಡ ಒಂದು ಕಲ್ಲಿನ ಮೇಲೆ ಇವರು ಮುದುರಿ ಕೂತಿದ್ದರು. ತುಟಿ ನೀಲಿಗಟ್ಟಿತ್ತು. ನೀರಿನೊಳಗೆ ಒಂದೂ ತಪ್ಪು ಮಾಡಿರಲಿಲ್ಲವಂತೆ, ಗಾಳಿ ಉಳಿಸಿಕೊಂಡೇ ಮೇಲೆ ಬಂದಿದ್ದರಂತೆ. ಆದರೆ ಹಗ್ಗ, ನೂಲೇಣಿ ಎರಡನ್ನೂ ದಂಡೆಯ ಒಂದೇ ಕಬ್ಬಿಣದ ಕಂಬಕ್ಕೆ ಕಟ್ಟಿದ್ದರು. ಹತ್ತುವಾಗ ತುಕ್ಕು ಹಿಡಿದ ಕಂಬ ಬುಡಸಮೇತ ಕಿತ್ತು ನೀರಿಗೆ ಬಿತ್ತು. ಪುಣ್ಯಕ್ಕೆ ತಲೆ ಮೇಲೆ ಬೀಳಲಿಲ್ಲ. "ನೀವ್ಯಾಕೆ ಬಿಸಿಲಾಗೆ ನಿಲ್ತೀರಿ, ಹೋಗಿ ಮೆಕ್ಯಾನಿಕ್‌ನ ಕರಕೊಂಡು ಬರ್ರಿ" ಎಂದು ಉಜ್ಜನಪ್ಪನವರನ್ನು ದಾವಣಗೆರೆಗೆ ಕಳಿಸಿದವರೂ ಇವರೇ. ಅಷ್ಟು ಹೊತ್ತು ಕೂಗಿ ಕೂಗಿ ಗಂಟಲು ಕಟ್ಟಿತ್ತು.

ಶಬ್ಬೀರ್ ಆಟೋದಲ್ಲಿದ್ದ ಹಗ್ಗವನ್ನು ಬೇವಿನ ಬೊಡ್ಡೆಗೆ ಕಟ್ಟಿ ಇಳಿಬಿಟ್ಟ. ಇವರು ಅದಕ್ಕೆ ಕಟ್ಟಿಕೊಟ್ಟ ಏಣಿಯ ತುದಿಯನ್ನು ಮೇಲೆಳೆದು ಆಟೋಗೆ ಬಿಗಿದ. ಇವರು ನಡುಗುತ್ತ ಹತ್ತಿ ಬಂದರು. ಅತ್ತೆ ಮಗನ ಬೆನ್ನಿಗೆ ಎರಡು ಗುದ್ದು ಹಾಕಿ, ಸೆರಗಿನಿಂದ ತಲೆ ಒರೆಸಿದರು. "ಕೇಳಬೇಕಿತ್ತಪ್ಪಾ, ನಾ ಕೇಳಬೇಕಿತ್ತು" ಎನ್ನುತ್ತಲೇ ಇದ್ದರು.

ನಾನು ಇವರ ಕೈ ಹಿಡಿದುಕೊಂಡೆ. ಬೆರಳೆಲ್ಲ ಸುಕ್ಕಾಗಿ ತಣ್ಣಗಿದ್ದವು. ಈ ಮನುಷ್ಯನಿಲ್ಲದೆ ನನ್ನಿಂದಾಗದು ಎಂದು ಆಗ ಗೊತ್ತಾಯಿತು. ಗೊತ್ತಾಗಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ನಾ ಫೋನ್ ಮಾಡಿದ್ದು ಕೇಳಿಸ್ತೇನ್ರಿ?"

"ಎಲ್ಲಾ ಕೇಳಿಸ್ತು. ಒಂದೊಂದು ಸಲಾನೂ ಕೆಳಗಿಂದ ಉತ್ರ ಕೊಟ್ಟೆ."

"ಏನಂತ?"

"ಗುತ್ತೂರು ದಾಟಿ ಉಜ್ಜನಪ್ಪಾರ ಹೊಲ, ಬೇವಿನ ಮರದ ಪಕ್ಕದ ಬಾವಿ. ಜೀವ ಐತೆ ಆಶಾ, ಅಳಬ್ಯಾಡ, ಅಂತ."

ಅಷ್ಟು ಹೇಳಿ ಇವರೇ ಅತ್ತುಬಿಟ್ಟರು.